ನಯನಾ ಪ್ರಾಂತಸಭೆಗೆ ನಿಂತ ಸೆಪ್ಟೆಂಬರ್

ಆಗಸ್ಟ್ ಹತ್ತೊಂಬತ್ತು, ಬೆಳಿಗ್ಗೆ ಎಂಟೂ ಹತ್ತು. ಸ್ಥಳ, ಸ್ವೀಡನ್ನಿನ ವೆಸ್ಟೆರಾಸ್‌ನಲ್ಲಿ ನಮ್ಮ ಮನೆಗೆ ಹತ್ತಿರದ ಆರೋಗ್ಯ ಕೇಂದ್ರ. ಹಾಜರಿದ್ದವರು ನಾನು, ರಕ್ತ ಪರೀಕ್ಷೆಗೆ ಬಂದಿದ್ದ ನಮ್ಮವರು, ಎದುರು ಬೆಂಚಿನಲ್ಲಿ ಒಬ್ಬ ಅಜ್ಜಿ, ಆಕೆಯ ಪಕ್ಕದಲ್ಲಿ ಶಾಲೆಯ ಚೀಲ ಬೆನ್ನಿಗೇರಿಸಿಕೊಂಡೇ ಕೂತ ಮೊಮ್ಮಗಳು. ಹೊರಗೆ ಜಿಟಿಜಿಟಿ ಮಳೆ. ಒದ್ದೆ ಕೋಟುಗಳ ವಾಸನೆಗೆ ಕೈಗೆ ಹಚ್ಚಿಕೊಳ್ಳುವ ಸ್ಪಿರಿಟ್ಟಿನ ವಾಸನೆ ಸೇರಿತ್ತು. ನರ್ಸ್ ಬಂದು ಅಜ್ಜಿಯ ಮುಂದೆ ಬಗ್ಗಿ ಸಾಕಷ್ಟು ಹೊತ್ತು ಮಾತಾಡಿದಳು. ಅಜ್ಜಿ ಮೊಮ್ಮಗಳ ಮುಖ ನೋಡಿದರು. ಆ ಹುಡುಗಿ ತುಸು ತಡೆದು ತಮ್ಮ ಭಾಷೆಯಲ್ಲಿ ಏನೋ ಹೇಳಿದಳು. ನರ್ಸ್ ಹೇಳಿದ್ದು ಒಂದು ಪುಟದಷ್ಟಿತ್ತು, ಇವಳು ಹೇಳಿದ್ದು ಒಂದು ಸಾಲು. ಅಜ್ಜಿ ತಲೆಯಾಡಿಸಿದರು.

ನಾನು ಎದ್ದು ಕಿಟಕಿಯ ಬಳಿ ಹೋದೆ. ಬಂದು ಕೂತೆ. ಮತ್ತೆ ಎದ್ದೆ.

"ಯಾಕೆ, ಕುರ್ಚಿ ಚುಚ್ಚುತ್ತಾ?" ಎಂದರು ನಮ್ಮವರು.

"ನಯನಾ ನೆನಪಾದಳು."

ಅವರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಆ ಸೆಪ್ಟೆಂಬರಿನಲ್ಲಿ ಕಾರು ಓಡಿಸಿದವರು ಅವರೇ.

ಅದು ಹಿಂದಿನ ಚುನಾವಣೆಯ ವರ್ಷ. ಈ ದೇಶದಲ್ಲಿ ಸಂಸತ್ತು ಬೇರೆ, ಊರಿನ ಆಡಳಿತವಾದ ಕೊಮ್ಯೂನ್ ಬೇರೆ. ಇವೆರಡರ ನಡುವೆ ರೀಜನ್ ಎಂಬ ಪ್ರಾಂತದ ಆಡಳಿತವಿದೆ. ಆಸ್ಪತ್ರೆ, ಆಂಬುಲೆನ್ಸ್, ಬಸ್ಸು ಎಲ್ಲ ಅದರ ಕೈಯಲ್ಲಿ. ಮೂರಕ್ಕೂ ಒಂದೇ ಭಾನುವಾರ ಮತದಾನ, ಮತಪತ್ರದ ಬಣ್ಣ ಮಾತ್ರ ಬೇರೆ ಬೇರೆ. ಸಂಸತ್ತಿಗೆ ಹಳದಿ, ಊರಿಗೆ ಬಿಳಿ, ಪ್ರಾಂತಕ್ಕೆ ನೀಲಿ. ನಯನಾ ನಿಂತದ್ದು ನೀಲಿಗೆ.

ಅವಳ ತಂದೆ ನಮ್ಮವರ ಜೊತೆ ವಿದ್ಯುತ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದವರು. ಅವಳಿಗೆ ಹನ್ನೊಂದು ವರ್ಷವಾದಾಗ ತೀರಿಕೊಂಡರು. ತಾಯಿ ವಿಮಲಾ ಊರಿಗೆ ಮರಳದೆ ಶಾಲೆಯೊಂದರ ಅಡಿಗೆಮನೆಯಲ್ಲಿ ಕೆಲಸ ಹಿಡಿದು ಮಗಳನ್ನು ಬೆಳೆಸಿದಳು. ಮಗಳು ಫಿಸಿಯೋಥೆರಪಿ ಓದಿದಳು, ಪಕ್ಷವೊಂದಕ್ಕೆ ಸೇರಿದಳು, ಆ ವರ್ಷ ಅದರ ಪಟ್ಟಿಯಲ್ಲಿ ಹೆಸರೂ ಬಂತು. ಬಂದದ್ದು ಬಹಳ ಕೆಳಗೆ. ಆದರೆ ಇಲ್ಲಿ ಮತಪತ್ರದಲ್ಲಿ ಇಷ್ಟವಾದ ಒಂದು ಹೆಸರಿನ ಮುಂದೆ ಗುರುತು ಹಾಕಬಹುದು. ಸಾಕಷ್ಟು ಜನ ಹಾಕಿದರೆ ಕೆಳಗಿದ್ದವರು ಮೇಲೆ ಜಿಗಿಯುತ್ತಾರೆ. ನಯನಾಳ ಆಸೆ ಪೂರ್ತಿ ನಿಂತಿದ್ದು ಆ ಗುರುತಿನ ಮೇಲೆ.

ಜುಲೈ ಕೊನೆಯಲ್ಲಿ ಒಂದು ಸಂಜೆ ಮನೆಗೆ ಬಂದಳು. "ಆಂಟಿ, ನನ್ನ ಗೋಲ್ಸ್ ಹೇಳ್ತೀನಿ, ಹೇಗಿದೆ ನೋಡಿ," ಎಂದಳು. ಹೇಳಿದಳು. ಮುಗಿಯುವಷ್ಟರಲ್ಲಿ ನಮ್ಮವರ ಎರಡನೆಯ ಕಾಫಿಯೂ ಮುಗಿದಿತ್ತು.

"ಇದು ಗುರಿಯಲ್ಲ, ಪ್ರಬಂಧ," ಎಂದೆ.

"ಪಾರ್ಟಿ ಆಫೀಸಲ್ಲಿ ಚೆನ್ನಾಗಿದೆ ಅಂದ್ರು."

"ಪಾರ್ಟಿ ಆಫೀಸಿನವರಿಗೆ ಆಸ್ಪತ್ರೆಯಲ್ಲಿ ಪಾಳಿ ಒಪ್ಪಿಸಿ ಗೊತ್ತಿಲ್ಲ."

ನಾನು ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತವಳು. ಅಲ್ಲಿನ ಮೇಟ್ರನ್ ನಮ್ಮನ್ನು ತಿದ್ದಿದ್ದು ಬೆಳಗಿನ ಪಾಳಿ ಒಪ್ಪಿಸುವ ಹೊತ್ತಿನಲ್ಲಿ. ರೋಗಿಗೆ ಏನಾಗಿದೆ, ಈವರೆಗೆ ಏನು ಮಾಡಿದ್ದೇವೆ, ಇನ್ನೇನು ಮಾಡಬೇಕು, ಅದನ್ನು ಯಾರು ಯಾವಾಗ ಮಾಡಬೇಕು. ಇದಿಷ್ಟೇ, ಇದೇ ಕ್ರಮದಲ್ಲಿ. ಒಂದು ವಿಶೇಷಣ ಸೇರಿದರೂ ಮತ್ತೆ ಮೊದಲಿಂದ ಹೇಳಿಸುತ್ತಿದ್ದರು. ಇಲ್ಲಿ ಬಂದು ನಿವೃತ್ತಿಯವರೆಗೂ ವಾರ್ಡಿನಲ್ಲಿ ನಾನು ನಡೆಸಿದ್ದು ಅದೇ ಕ್ರಮವನ್ನೇ. ನಯನಾಳಿಗೂ ಅದನ್ನೇ ಹಿಡಿಸಿದೆ. ಮೂರು ಸಂಜೆ ಕೂತು ಅವಳ ಪ್ರಬಂಧವನ್ನು ಕತ್ತರಿಸಿದೆವು. ಉಳಿದದ್ದು ಮೂರು ಗುರಿ. ಡಾಕ್ಟರ ಮುಂದೆ ಮಕ್ಕಳು ದುಭಾಷಿ ಆಗಕೂಡದು, ಪ್ರತಿ ಆರೋಗ್ಯ ಕೇಂದ್ರಕ್ಕೂ ತರಬೇತಾದ ದುಭಾಷಿ ಫೋನಿನಲ್ಲಾದರೂ ಸಿಗಬೇಕು. ಪಾಳಿ ಕೆಲಸದವರಿಗಾಗಿ ಊರಿಗೊಂದು ಕೇಂದ್ರವಾದರೂ ಸಂಜೆ ತೆರೆದಿರಬೇಕು. ಪ್ರಾಂತದ ಉತ್ತರದ ಹಳ್ಳಿಗಳಿಗೆ ರಾತ್ರಿ ಇನ್ನೊಂದು ಆಂಬುಲೆನ್ಸ್ ಬೇಕು.

"ದುಭಾಷಿಯದೇ ಮೊದಲು ಯಾಕೆ?" ಎಂದು ಕೇಳಿದೆ. ಅವಳು ಕೈಯಲ್ಲಿದ್ದ ಮೊಬೈಲನ್ನು ಮೇಜಿನ ಮೇಲೆ ಮಗುಚಿಟ್ಟಳು. ಆಮೇಲೆ ಹೇಳಿದಳು.

"ಅಪ್ಪನ ಡಾಕ್ಟರ್ ಅವತ್ತು ತುಂಬಾ ಹೇಳಿದ್ರು ಆಂಟಿ. ಇನ್ನು ಯಾವ ಚಿಕಿತ್ಸೆಯಿಂದಲೂ ಉಪಯೋಗ ಇಲ್ಲ, ನೋವು ಆಗದ ಹಾಗೆ ನೋಡ್ಕೋತೀವಿ, ಬೇಕಿದ್ರೆ ಮನೆಗೆ ಕರ್ಕೊಂಡು ಹೋಗಬಹುದು ಅಂತ. ಅಪ್ಪ ನಿದ್ದೇಲಿದ್ರು. ಅಮ್ಮ ನನ್ನ ಮುಖ ನೋಡ್ತಿದ್ರು. ನಾನು, ಮನೆಗೆ ಕರ್ಕೊಂಡು ಹೋಗಬಹುದಂತೆ, ಅಂದೆ. ಅಷ್ಟೇ. ಅಮ್ಮ ಮನೆಗೆ ಹೋಗಿ ಅಪ್ಪನ ಹಾಸಿಗೆಗೆ ಹೊಸ ಬೆಡ್‌ಶೀಟ್ ಹಾಸಿದ್ರು. ಅಮ್ಮನಿಗೆ ಇದು ಇವತ್ತಿಗೂ ಗೊತ್ತಿಲ್ಲ. ನೀವೂ ಹೇಳಬೇಡಿ."

ನಾನು ಹೇಳುವವಳಲ್ಲ. ಆದರೆ ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬೆಳಿಗ್ಗೆ ಆರಕ್ಕೆ ಎದ್ದು ಕೆರೆಯ ದಡದಲ್ಲಿ ನಡೆಯುವವಳು ಐದಕ್ಕೇ ಎದ್ದು ನಡೆಯತೊಡಗಿದೆ. ಅವಳ ವಾರದ ಕಾರ್ಯಕ್ರಮವನ್ನು ನಾನೇ ಹಾಕಿಕೊಡತೊಡಗಿದೆ. ನಮ್ಮವರು, "ಅಭ್ಯರ್ಥಿ ಅವಳಾ ನೀನಾ?" ಎಂದರು.

ಆಗಸ್ಟ್ ಮಧ್ಯದಲ್ಲಿ ಊರಿನ ಚೌಕದಲ್ಲಿ ಪಕ್ಷಗಳ ಮರದ ಗುಡಿಸಲುಗಳು ಎದ್ದವು. ಇಲ್ಲಿ ಪ್ರಚಾರವೆಂದರೆ ಇದೇ. ಪುಟ್ಟ ಗುಡಿಸಲು, ಫ್ಲಾಸ್ಕಿನಲ್ಲಿ ಕಾಫಿ, ದಾಲ್ಚಿನ್ನಿ ಬನ್ನು, ಬನ್ನಿನ ಸುತ್ತ ಕಣಜ. ಜನ ಬಂದು ಕಾಫಿ ಕುಡಿದು ಬೈದು ಹೋಗುತ್ತಾರೆ, ಮೆಲುದನಿಯಲ್ಲಿ. ಬೀದಿಬದಿಯ ರೋವನ್ ಮರಗಳಲ್ಲಿ ಕೆಂಪು ಕಾಯಿ ತೂಗುತ್ತಿದ್ದವು, ಸಂಜೆಯ ಬೆಳಕು ದಿನದಿನಕ್ಕೆ ಕುಗ್ಗುತ್ತಿತ್ತು. ನಮ್ಮ ಕನ್ನಡದವರೂ ಬಂದರು. ಪ್ರಶಾಂತ್ ಎಂಬ ಹುಡುಗ ಬಂದ. ಹುಡುಗ ಎನ್ನುತ್ತೇನೆ, ಇಬ್ಬರು ಮಕ್ಕಳ ತಂದೆ, ಬೆಂಗಳೂರಿನಿಂದ ವರ್ಕ್ ಪರ್ಮಿಟ್ ಮೇಲೆ ಬಂದವನು.

"ನಯನಾ, ಫಸ್ಟ್ ಈ ಪ್ಯಾರಾಸಿಟಮಾಲ್ ಪ್ರಾಬ್ಲಮ್ ಸಾಲ್ವ್ ಮಾಡಿ," ಎಂದ. "ಜ್ವರ ಅಂದ್ರೂ ಪ್ಯಾರಾಸಿಟಮಾಲ್, ಕಾಲು ಉಳುಕಿದೆ ಅಂದ್ರೂ ಪ್ಯಾರಾಸಿಟಮಾಲ್. ನೀರು ಕುಡೀರಿ, ಮುಂದಿನ ವಾರ ಫೋನ್ ಮಾಡಿ ಅಂತಾರೆ. ಮುಂದಿನ ವಾರಕ್ಕೆ ತಾನಾಗೇ ಹುಷಾರಾಗಿರ್ತೀನಿ."

"ಹಾಗಾದರೆ ಅವರು ಹೇಳಿದ್ದು ಸರಿ ಅಂತಾಯಿತು," ಎಂದೆ ನಾನು.

"ಆಂಟಿ, ನೀವು ಅವರ ಪಾರ್ಟಿ. ನಂಗೆ ವೋಟೇ ಇಲ್ಲ ಬಿಡಿ, ಪರ್ಮಿಟ್ ಮೇಲಿರೋನು."

"ಬಂದು ಮೂರು ವರ್ಷ ಆಗಿದೆಯಲ್ಲ? ಹಳದಿ ಇಲ್ಲ, ಬಿಳಿ ಮತ್ತು ನೀಲಿ ಎರಡೂ ಇದೆ. ಮನೆಗೆ ಮತದಾನದ ಕಾರ್ಡ್ ಬಂದಿರಬೇಕು."

ಅವನು ಯೋಚಿಸಿದ. "ಪಿಜ್ಜಾ ಅಂಗಡಿ ಕೂಪನ್ ಜೊತೆ ಎಸೆದುಬಿಟ್ನಾ ಅಂತ," ಎಂದು ತಲೆ ಕೆರೆದುಕೊಂಡ. ಹೊಸದನ್ನು ತರಿಸಿಕೊಳ್ಳುವ ಬಗೆ ಹೇಳಿ ಕಳಿಸಿದೆವು. ಅವನಂಥವರು ನಮ್ಮ ಕನ್ನಡದವರಲ್ಲಿ ಬಹಳ ಜನ ಇದ್ದರು. ಆದರೆ ದುಭಾಷಿಯ ಮಾತು ಬಂದಾಗ ಎಲ್ಲರೂ, ನಮಗೆ ಇಂಗ್ಲಿಷ್ ಸಾಕಲ್ಲ, ಎನ್ನುತ್ತಿದ್ದರು.

ಪಕ್ಷದ ಪ್ರಾಂತದ ಮುಖ್ಯಸ್ಥೆ ಮಾರ್ಗರೇತಾ. ಪಟ್ಟಿಯ ಮೊದಲ ಸ್ಥಾನದಲ್ಲಿದ್ದವರು, ಗೆದ್ದೇ ಗೆಲ್ಲುವವರು. ಒಳ್ಳೆಯ ಹೆಂಗಸು, ಸಮಯಕ್ಕೆ ಸರಿಯಾಗಿ ಬರುವವರು. ಅವರು ಗುಡಿಸಲಿಗೆ ಬಂದು, ಬನ್ನು ಮುರಿಯುತ್ತ, ನಯನಾಗೆ ಸ್ವೀಡಿಷ್‌ನಲ್ಲಿ ಮೆಲ್ಲಗೆ ಹೇಳಿದರು. ದುಭಾಷಿ ಎಂದ ಕೂಡಲೇ ಜನ ಖರ್ಚು ಎನ್ನುತ್ತಾರೆ. ಈ ವರ್ಷ ಗಾಳಿ ಆ ಕಡೆಗಿಲ್ಲ. ಆಂಬುಲೆನ್ಸನ್ನು ಮೇಲೆ ತಂದು ಅದನ್ನು ಕೆಳಗಿಡು, ಹೆಸರನ್ನೂ ಸ್ವಲ್ಪ ಬದಲಿಸು.

ನಯನಾ ಒಪ್ಪಿದಳು. ಮುದ್ರಣವಾಗಿ ಬಂದ ಕರಪತ್ರದಲ್ಲಿ ಮೊದಲ ಗುರಿ ಮೂರನೆಯದಾಗಿತ್ತು. "ಎಲ್ಲರಿಗೂ ಅರ್ಥವಾಗುವ ಆರೋಗ್ಯ ಸೇವೆ" ಎಂದಿತ್ತು. ದುಭಾಷಿಯೂ ಇಲ್ಲ, ಮಕ್ಕಳೂ ಇಲ್ಲ.

"ಯಾರು, ಯಾವಾಗ ಅನ್ನೋದೇ ಇಲ್ಲವಲ್ಲ," ಎಂದೆ.

"ಗೆದ್ದಮೇಲೆ ಮಾಡೋಣ ಆಂಟಿ. ಗೆಲ್ಲದಿದ್ರೆ ಏನೂ ಇಲ್ಲ."

ಅವಳ ಮಾತೂ ಸರಿ. ನಾನು ಕರಪತ್ರಗಳನ್ನು ನೂರರ ಕಟ್ಟು ಮಾಡಿ ರಬ್ಬರ್ ಹಾಕಿದೆ. ಮನಸ್ಸು ಮಾತ್ರ ಸರಿಯಾಗಲಿಲ್ಲ.

ಗಣೇಶನ ಹಬ್ಬ ಬಂತು. ಶಾಲೆಯೊಂದರ ಒಳಾಂಗಣ ಆಟದ ಹಾಲನ್ನು ಬಾಡಿಗೆಗೆ ಹಿಡಿದು ಕನ್ನಡದವರೆಲ್ಲ ಸೇರುವುದು ರೂಢಿ. ಬಾಸ್ಕೆಟ್‌ಬಾಲ್ ಕಂಬದ ಕೆಳಗೆ ಗಣಪತಿ. ಕರ್ಪೂರ ಹಚ್ಚಿದರೆ ಬೆಂಕಿಯ ಗಂಟೆ ಬಡಿದುಕೊಳ್ಳುತ್ತದೆ, ಆದ್ದರಿಂದ ಆರತಿಗೂ ಬ್ಯಾಟರಿ ದೀಪ. ನಯನಾ ತನ್ನ ಹೆಸರಿದ್ದ ನೀಲಿ ಮತಪತ್ರಗಳ ಒಂದು ಕಟ್ಟನ್ನು ತಾಯಿಗೆ ಕೊಟ್ಟು, "ಅಮ್ಮ, ಇದನ್ನ ಎಲ್ಲರಿಗೂ ಹಂಚು," ಎಂದಿದ್ದಳಂತೆ. ಇಲ್ಲಿ ಮತಪತ್ರವನ್ನು ಪಕ್ಷದವರೇ ಹಂಚಬಹುದು, ಮನೆಯಿಂದಲೇ ತಂದು ಲಕೋಟೆಗೆ ಹಾಕಿ ಕೊಡಬಹುದು. ಅಂದು ನಾನು ಊಟದ ಸಾಲು ನೋಡಿಕೊಳ್ಳುತ್ತಿದ್ದೆ. ಮಕ್ಕಳು ಮೊದಲು, ಆಮೇಲೆ ಹಿರಿಯರು, ಕೊನೆಗೆ ಉಳಿದವರು. ವಿಮಲಾ ರೇಷ್ಮೆ ಸೀರೆಯುಟ್ಟು, ಪಂಚಕಜ್ಜಾಯದ ಪೊಟ್ಟಣದ ಜೊತೆ ಒಂದೊಂದು ಮುಚ್ಚಿದ ಲಕೋಟೆ ಕೊಡುತ್ತ ಹೋದದ್ದನ್ನು ದೂರದಿಂದ ನೋಡಿದೆ. ಅವಳ ಮುಖದಲ್ಲಿ ಅಂಥ ಕಳೆ ನೋಡಿ ಎಷ್ಟೋ ವರ್ಷವಾಗಿತ್ತು.

ಎರಡು ದಿನ ಬಿಟ್ಟು ಪ್ರಶಾಂತ್ ಗುಡಿಸಲಿಗೆ ಬಂದ. "ಆಂಟಿ, ಒಂದು ಡೌಟು. ಇದನ್ನ ಹೀಗೇ ಹಾಕ್ಬೇಕಾ?"

ಲಕೋಟೆಯಿಂದ ಹೊರತೆಗೆದ ನೀಲಿ ಕಾಗದದ ನಾಲ್ಕು ಮೂಲೆಗೂ ಅರಿಶಿನ, ಅರಿಶಿನದ ಮೇಲೆ ಕುಂಕುಮದ ಬೊಟ್ಟು. ಅಚ್ಚುಕಟ್ಟಾಗಿ, ಮದುವೆಯ ಕರೆಯೋಲೆಗೆ ಹಚ್ಚಿದ ಹಾಗೆ. ಒಳಗಿಂದ ನಾಲ್ಕು ಕಾಳು ಅಕ್ಷತೆ ಬನ್ನಿನ ತಟ್ಟೆಗೆ ಉದುರಿತು.

ಹಿಂದಿನ ಎರಡು ಚುನಾವಣೆಗಳಲ್ಲಿ ನಾನು ಮತಗಟ್ಟೆಯಲ್ಲಿ ಕೆಲಸ ಮಾಡಿದ್ದೆ. ಬೇಕೆಂದೇ ಗುರುತು ಮಾಡಿದ ಮತಪತ್ರವನ್ನು ಎಣಿಕೆಯಲ್ಲಿ ಪಕ್ಕಕ್ಕೆ ತೆಗೆದಿಡುತ್ತಾರೆ. ಮತ ಯಾರದೆಂದು ಗೊತ್ತಾಗಬಾರದು, ಅದಕ್ಕೆ. ಹೆಸರಿನ ಮುಂದಿನ ಗುರುತು ಬಿಟ್ಟು ಇನ್ನೇನಿದ್ದರೂ ಅನುಮಾನವೇ. ಇಲ್ಲಿ ನಾಲ್ಕು ಮೂಲೆಯೂ ತುಂಬಿತ್ತು.

"ಎಷ್ಟು ಹಂಚ್ಯಾಳ ನಿಮ್ಮವ್ವ?" ಎಂದೆ. ಗಾಬರಿಯಲ್ಲಿ ನನ್ನ ಬಾಯಿಗೆ ಹುಬ್ಬಳ್ಳಿ ಬರುತ್ತದೆ.

"ಕಟ್ಟು ಪೂರ್ತಿ," ಎಂದಳು ನಯನಾ.

ಕೊಮ್ಯೂನ್‌ನ ಚುನಾವಣಾ ಕಚೇರಿಗೆ ಅಲ್ಲಿಂದಲೇ ಫೋನು ಮಾಡಿದಳು. ಅಧಿಕಾರಿ ಸಾವಧಾನವಾಗಿ ಹೇಳಿದ. ಕೊನೆಯ ತೀರ್ಮಾನ ಎಣಿಕೆಯಲ್ಲೇ ಆಗುವುದು. ಆದರೆ ಬೇಕೆಂದೇ ಮಾಡಿದ ಗುರುತು ಎಂದು ಕಂಡರೆ ಮತ ಅಸಿಂಧುವಾಗುತ್ತದೆ. ಬದಲಿಸಿಕೊಳ್ಳುವುದೇ ಕ್ಷೇಮ. ಈಗಾಗಲೇ ಮುಂಗಡವಾಗಿ ಮತ ಹಾಕಿದವರು ಮತದಾನದ ಭಾನುವಾರ ತಮ್ಮದೇ ಮತಗಟ್ಟೆಗೆ ಹೋಗಿ ಇನ್ನೊಮ್ಮೆ ಹಾಕಿದರೆ ಮೊದಲಿನದು ಬಿದ್ದುಹೋಗುತ್ತದೆ.

ನಯನಾ ಆಮೇಲೆ ತಾಯಿಗೆ ಫೋನು ಮಾಡಿದಳು. ನಾನು ಪಕ್ಕದಲ್ಲೇ ಇದ್ದೆ.

"ಏನಿಲ್ಲ ಅಮ್ಮ, ಆ ಪೇಪರಲ್ಲಿ ಪ್ರಿಂಟಿಂಗ್ ತಪ್ಪಾಗಿದೆಯಂತೆ. ಬೇರೆ ಕೊಟ್ಟು ಬರೋಣ. ಸಂಜೆ ರೆಡಿ ಇರು."

ನಾನು ಅವಳ ಮುಖ ನೋಡಿದೆ. ಅವಳು ಅಕ್ಷತೆಯನ್ನು ಒಂದೊಂದಾಗಿ ತಟ್ಟೆಯಿಂದ ಆರಿಸುತ್ತಿದ್ದಳು.

ಆ ಸಂಜೆ ಐದೂವರೆಗೆ ಹೊರಟೆವು. ನಮ್ಮವರು ಕಾರಿನಲ್ಲಿ, ಪಕ್ಕದಲ್ಲಿ ನಾನು ಮನೆಗಳ ವಿಳಾಸ ಹಿಡಿದು, ಹಿಂದೆ ತಾಯಿ ಮಗಳು, ನಡುವೆ ಹೊಸ ಮತಪತ್ರಗಳ ಚೀಲ. ಮಳೆ ನಿಂತಿತ್ತು. ಮನೆಗಳ ಮುಂದೆ ಹುಲ್ಲಿನ ಮೇಲೆ ಬಿದ್ದ ಸೇಬುಗಳನ್ನು ಬುಟ್ಟಿಯಲ್ಲಿಟ್ಟು, ಬೇಕಾದವರು ಒಯ್ಯಿರಿ ಎಂದು ಬರೆದಿದ್ದರು. ಮೊದಲ ಎರಡು ಮನೆಗಳಲ್ಲಿ ತೊಂದರೆಯಾಗಲಿಲ್ಲ. ನಯನಾ ಬಾಗಿಲಲ್ಲೇ ಮೆಲುದನಿಯಲ್ಲಿ ಮಾತಾಡಿ ಮುಗಿಸಿದಳು, ವಿಮಲಾ ಒಳಗೆ ಹೋಗಿ ಮಕ್ಕಳ ಕೆನ್ನೆ ಸವರಿ ಬಂದಳು. ಮೂರನೆಯದು ಪ್ರಶಾಂತನ ಮನೆ. ಅವನ ಹೆಂಡತಿ ಶ್ವೇತಾ ಬಾಗಿಲು ತೆಗೆದವಳೇ, "ವಿಮಲಾ ಆಂಟಿ, ಕುಂಕುಮ ಇದ್ರೆ ರಿಜೆಕ್ಟ್ ಮಾಡ್ತಾರಂತೆ ಅಲ್ವಾ? ಪಾಪ, ನೀವು ಅಷ್ಟು ಕಷ್ಟಪಟ್ಟು ಹಚ್ಚಿದ್ರಿ," ಎಂದಳು.

ವಿಮಲಾ ನಕ್ಕಳು. ಹೌದಂತಮ್ಮ ಎಂದಳು. ಹೊಸ ಕಾಗದ ಕೊಟ್ಟಳು. ಕಾಫಿ ಬೇಡವೆಂದಳು. ಕಾರಿನಲ್ಲಿ ಬಂದು ಕೂತು ಬೆಲ್ಟು ಹಾಕಿಕೊಂಡಳು. ಮುಂದಿನ ತಿರುವು ದಾಟಿದ ಮೇಲೆ ಮಗಳ ಕಡೆ ತಿರುಗಿದಳು.

"ಪ್ರಿಂಟಿಂಗ್ ತಪ್ಪು ಅಂದ್ಯಲ್ಲ."

"ಅಮ್ಮ, ನಿಂಗೆ ಬೇಜಾರಾಗುತ್ತೆ ಅಂತ."

"ಬೇಜಾರು ನಂದು. ಅದನ್ನ ಪಡೋಕೆ ನಂಗೆ ಬರುತ್ತೆ. ನೀನು ಯಾಕೆ ಅಡ್ಡ ನಿಲ್ತೀಯ?" ಅವಳ ದನಿ ಏರಲಿಲ್ಲ. "ಹಂಚು ಅಂದೆ, ಹಂಚಿದೆ. ಅದರ ಮೇಲೆ ಏನೂ ಹಚ್ಚಬಾರದು ಅಂತ ಹೇಳಿದ್ಯಾ? ಮಗಳ ಹೆಸರು ಮೊದಲನೇ ಸಲ ಅಚ್ಚಾಗಿ ಬಂದಿದೆ. ಬರಿ ಕಾಗದ ಹೇಗೆ ಕೊಡಲಿ ಜನಕ್ಕೆ? ಯಾವಾಗಲೂ ನಂಗೆ ಅರ್ಧ ಹೇಳೋದು. ನಿಮ್ಮಪ್ಪನ್ನ ಮನೆಗೆ ಕರ್ಕೊಂಡು ಹೋಗಿ ಅಂದಾಗ್ಲೂ ಅಷ್ಟೇ."

ನಮ್ಮವರು ಇಂಡಿಕೇಟರ್ ಹಾಕಿ ಕಾರನ್ನು ಬದಿಗೆ ನಿಲ್ಲಿಸಿದರು. ನಿಲ್ಲಿಸಿ ಎಂದು ಯಾರೂ ಹೇಳಿರಲಿಲ್ಲ.

"ನಿಂಗೆ ಗೊತ್ತಿತ್ತಾ?" ಎಂದಳು ನಯನಾ.

"ಡಾಕ್ಟರು ಅಷ್ಟು ಹೊತ್ತು ಮಾತಾಡಿದ್ರು. ನೀನು ಒಂದು ಮಾತು ಹೇಳಿದೆ. ಅಷ್ಟೂ ತಿಳಿಯಲ್ವಾ ನಂಗೆ? ಡಾಕ್ಟರು ನಿನ್ನ ಮುಖ ನೋಡ್ತಿರಲಿಲ್ಲ, ನೆಲ ನೋಡ್ತಿದ್ರು. ನಿನ್ನ ಕೈ ನನ್ನ ಕೈಯಲ್ಲಿತ್ತು, ಐಸ್ ಆಗಿತ್ತು."

"ಮತ್ತೆ ಯಾಕೆ ಕೇಳಲಿಲ್ಲ?"

"ಕೇಳಿದ್ರೆ ನೀನು ಹೇಳಬೇಕಾಗ್ತಿತ್ತಲ್ಲ. ಹನ್ನೊಂದು ವರ್ಷದ ಮಗು ಬಾಯಲ್ಲಿ ಆ ಮಾತು ಬರೋದು ಬೇಡ ಅಂತ ಸುಮ್ಮನಾದೆ. ಅಮ್ಮನ್ನ ಕಾಪಾಡಿದೆ ಅಂತ ನೀನು ಅಂದ್ಕೊಂಡಿದ್ದೆ, ಅಂದ್ಕೋ ಅಂತ ಬಿಟ್ಟೆ. ಈಗ ನೀನು ಮಗು ಅಲ್ಲ. ಊರೆಲ್ಲ ಸುತ್ತಿ, ರೋಗಿಗೆ ಪೂರ್ತಿ ಹೇಳಬೇಕು ಅಂತ ಭಾಷಣ ಮಾಡ್ತೀಯ. ಮನೇಲಿ ಇನ್ನೂ ಅರ್ಧವೇ."

ನಯನಾ ಅಳುತ್ತಿದ್ದಳೋ ಇಲ್ಲವೋ, ನಾನು ತಿರುಗಿ ನೋಡಲಿಲ್ಲ. ಕನ್ನಡಿಯನ್ನೂ ನೋಡಲಿಲ್ಲ. ಹಿಂದಿನಿಂದ ಮೂಗೊರೆಸಿದ ಸದ್ದು ಬಂತು, ಯಾರದೆಂದು ತಿಳಿಯಲಿಲ್ಲ.

"ಈಗ ಹೇಳು," ಎಂದಳು ವಿಮಲಾ. "ಆ ಆಫೀಸಿನವರು ಏನಂದ್ರು?"

ನಯನಾ ಹೇಳಿದಳು. ಏನಾಗಿದೆ, ಎಷ್ಟು ಮನೆಯಲ್ಲಿದೆ, ಈಗಾಗಲೇ ಮತ ಹಾಕಿದವರು ಏನು ಮಾಡಬೇಕು, ಯಾವ ಮತ ಕೈಬಿಟ್ಟುಹೋಗಬಹುದು. ಒಂದು ವಿಶೇಷಣವಿರಲಿಲ್ಲ.

"ಸರಿ. ಕಾರು ಬಿಡಿ ಅಣ್ಣ," ಎಂದಳು ವಿಮಲಾ ನಮ್ಮವರಿಗೆ.

ಆಮೇಲಿನ ಮನೆಗಳಲ್ಲಿ ಬಾಗಿಲು ತಟ್ಟಿದವಳು ವಿಮಲಾ. ತಾನೇ ಹಚ್ಚಿದ್ದು, ಹಚ್ಚಬಾರದಿತ್ತು, ಹಚ್ಚಿದರೆ ಮತ ಸಲ್ಲುವುದಿಲ್ಲ ಎಂದು ನೇರವಾಗಿ ಹೇಳಿದಳು. ಬಹುಪಾಲು ಜನ ನಕ್ಕು ಬದಲಿಸಿಕೊಂಡರು. ಒಬ್ಬಾಕೆ ಹಳೆಯದನ್ನು ಕೊಡಲು ಒಪ್ಪಲಿಲ್ಲ. "ದೇವರ ಮುಂದೆ ಇಟ್ಟಿದ್ದೀನಿ ಆಂಟಿ, ವಾಪಸ್ ಹೇಗೆ ಕೊಡಲಿ? ಹೊಸದೂ ಇರಲಿ, ಅದೂ ಇರಲಿ," ಎಂದಳು. ಎರಡನ್ನೂ ಒಂದೇ ಲಕೋಟೆಗೆ ಹಾಕಿಬಿಡುತ್ತಾಳೆಂದು ಹೆದರಿ, ಹೊಸದನ್ನು ಅವಳ ಕೈಚೀಲದಲ್ಲೂ ಹಳೆಯದನ್ನು ಗಣಪತಿಯ ಕೆಳಗೂ ನಾನೇ ಇಟ್ಟುಬಂದೆ. ಕೆಲವರು ಆಗಲೇ ಮತ ಹಾಕಿದ್ದರು. ಭಾನುವಾರ ಮತ್ತೆ ಬರಲು ಒಪ್ಪಿದರು. ಒಂದು ಕುಟುಂಬ ಮತ ಹಾಕಿ ಬೆಂಗಳೂರಿಗೆ ಹೋಗಿತ್ತು, ಇನ್ನೊಂದು ಬೇರೆ ಊರಿಗೆ ಮನೆ ಬದಲಿಸಿತ್ತು. ಆ ಮತಗಳು ಹೋದವು.

ಮನೆಗೆ ಬಿಡುವಾಗ ವಿಮಲಾ ಕಾರಿನಿಂದ ಇಳಿದು, ಬಾಗಿಲು ಹಿಡಿದು ನಿಂತಳು. "ನಿನ್ನ ಕರಪತ್ರ ಓದಿಸಿಕೊಂಡೆ ಪಕ್ಕದ ಮನೆಯವರ ಹತ್ರ. ಅದರಲ್ಲಿ ಮಕ್ಕಳ ವಿಷಯ ಇಲ್ಲವಂತೆ."

"ಪಾರ್ಟಿಯವರು ಬೇಡ ಅಂದ್ರು."

"ನಂಗೆ ಬೇಕು. ನಿಮ್ಮಪ್ಪನ ವಿಷಯ ಹೇಳು. ನನ್ನ ಹೆಸರು ಹಾಕಿ ಹೇಳು."

ಮತದಾನದ ಹಿಂದಿನ ವಾರ ಗ್ರಂಥಾಲಯದ ಸಭಾಂಗಣದಲ್ಲಿ ಅಭ್ಯರ್ಥಿಗಳ ಚರ್ಚೆ ನಡೆಯಿತು. ನಯನಾ ಮೂರನೆಯ ಗುರಿಯನ್ನು ಮೊದಲಿಗೆ ತಂದಳು. ಹನ್ನೊಂದು ವರ್ಷದವಳು ಆಸ್ಪತ್ರೆಯ ಕೋಣೆಯಲ್ಲಿ ಏನು ಕೇಳಿದಳು, ಏನು ಹೇಳಿದಳು ಎಂಬುದನ್ನು ಪಾಳಿ ಒಪ್ಪಿಸುವಂತೆ ಹೇಳಿ, ಈ ಅವಧಿ ಮುಗಿಯುವುದರೊಳಗೆ ಯಾವ ಮಗುವೂ ಈ ಪ್ರಾಂತದಲ್ಲಿ ಆ ಕುರ್ಚಿಯಲ್ಲಿ ಕೂರಬಾರದು ಎಂದಳು. ಹಿಂದಿನ ಸಾಲಿನಿಂದ ಒಬ್ಬಾತ, ಇಷ್ಟು ವರ್ಷದಲ್ಲಿ ನಿಮ್ಮ ತಾಯಿ ಸ್ವೀಡಿಷ್ ಕಲಿಯಬಹುದಿತ್ತಲ್ಲ ಎಂದ. ಕಲಿತಿದ್ದಾರೆ, ಶಾಲೆಯಲ್ಲಿ ನಿಮ್ಮ ಮಕ್ಕಳಿಗೆ ಊಟ ಬಡಿಸುವಷ್ಟು ಕಲಿತಿದ್ದಾರೆ, ಆದರೆ ಗಂಡ ಸಾಯುತ್ತಾನೆ ಎಂಬುದನ್ನು ಕೇಳಿಸಿಕೊಳ್ಳಲು ಬೇಕಾದ ಸ್ವೀಡಿಷ್ ಯಾವ ತರಗತಿಯಲ್ಲೂ ಕಲಿಸುವುದಿಲ್ಲ ಎಂದಳು ನಯನಾ. ಸಭೆಯಲ್ಲಿ ಕೆಲವರು ಚಪ್ಪಾಳೆ ತಟ್ಟಿದರು, ಕೆಲವರು ಕೋಟು ಹಾಕಿಕೊಂಡರು. ಮಾರ್ಗರೇತಾ ಕೈಕಟ್ಟಿ ಕೂತಿದ್ದರು.

ಭಾನುವಾರ ಬೆಳಗಿನಿಂದ ಮಳೆ. ಮತಗಟ್ಟೆಯ ಹೊರಗೆ ಕೊಡೆ ಹಿಡಿದು ನೀಲಿ ಕಾಗದ ಹಂಚಿದೆವು. ಮತ್ತೆ ಹಾಕಲು ಒಪ್ಪಿದವರಲ್ಲಿ ಹಲವರು ಬಂದರು, ಎಲ್ಲರೂ ಬರಲಿಲ್ಲ. ಪ್ರಶಾಂತ್ ಹೊಸ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ತಂದಿದ್ದ. "ಪಿಜ್ಜಾ ಕೂಪನ್ ಅಲ್ಲ ಆಂಟಿ, ನೋಡಿ," ಎಂದು ತೋರಿಸಿ ಒಳಗೆ ಹೋದ.

ನೀಲಿಯ ಎಣಿಕೆ ಎಲ್ಲಕ್ಕಿಂತ ಕೊನೆ. ಹೆಸರಿನ ಗುರುತುಗಳ ಲೆಕ್ಕ ಇನ್ನೂ ತಡ. ಆ ದಿನಗಳಲ್ಲಿ ನಾನು ಮನೆಯ ಎಲ್ಲ ಕಪಾಟುಗಳನ್ನು ತೆಗೆದು ಒರೆಸಿದೆ, ಒರೆಸಿದ್ದನ್ನು ಮತ್ತೆ ಒರೆಸಿದೆ. ಬರ್ಚ್ ಎಲೆ ಹಳದಿಯಾಯಿತು. ಒಂದು ಸೋಮವಾರ ಮಧ್ಯಾಹ್ನ ವಿಮಲಾಳ ಅಡಿಗೆಮನೆಯಲ್ಲಿ ನಾವು ನಾಲ್ವರೂ ಕೂತಿದ್ದಾಗ ಮಾರ್ಗರೇತಾ ಅವರ ಫೋನು ಬಂತು. ನಯನಾ ಸ್ಪೀಕರ್ ಒತ್ತಿ, ಫೋನನ್ನು ಮೇಜಿನ ನಡುವೆ ಇಟ್ಟಳು.

ಮಾರ್ಗರೇತಾ ಮಾತಾಡಿದರು. ನಯನಾ ಕೇಳಿದಳು. ಮುಗಿದಾಗ ತಾಯಿಯ ಕಡೆ ತಿರುಗಿದಳು.

"ಅಮ್ಮ, ನಾನು ಗೆದ್ದಿಲ್ಲ. ಗುರುತು ಸಾಲಲಿಲ್ಲ, ಸ್ವಲ್ಪದರಲ್ಲಿ ಹೋಯ್ತು. ನೀಲೀಲಿ ಒಂದಿಷ್ಟು ಪತ್ರ ತಿರಸ್ಕಾರ ಆಗಿದೆಯಂತೆ. ಅದರಲ್ಲಿ ಕುಂಕುಮದ್ದು ಇದೆಯಾ ಅಂತ ಅವರಿಗೆ ಗೊತ್ತಿಲ್ಲ. ಇದ್ರೂ ಅದೊಂದರಿಂದಲೇ ಸೋತೆ ಅಂತ ಹೇಳೋಕಾಗಲ್ಲ, ಅಲ್ಲ ಅಂತಲೂ ಹೇಳೋಕಾಗಲ್ಲ."

ವಿಮಲಾ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. ನಮ್ಮವರು ಏನೋ ಸಮಾಧಾನ ಹೇಳಲು ಬಾಯಿ ತೆರೆದರು, ನಾನು ಅವರ ಕಾಲು ತುಳಿದೆ.

"ಅವರಿನ್ನೂ ಫೋನಲ್ಲಿ ಇದ್ದಾರಾ?" ಎಂದಳು ವಿಮಲಾ.

"ಇದ್ದಾರೆ."

"ಅವರು ಗೆದ್ದಿದ್ದಾರಲ್ಲ, ಕೇಳು. ಮಕ್ಕಳ ವಿಷಯ ಸಭೇಲಿ ಯಾರು ಎತ್ತುತ್ತಾರೆ? ನೀವಾ?"

"ಅಮ್ಮ, ಈಗ ಹೇಗೆ—"

"ನಾನು ಹೇಳಿದ ಹಾಗೇ ಕೇಳು. ಮೆತ್ತಗೆ ಮಾಡಬೇಡ."

ನಯನಾ ಕೇಳಿದಳು. ಆ ಕಡೆಯಿಂದ ಉತ್ತರ ಬಂತು.

"ಯೋಚಿಸ್ತೀನಿ ಅಂತಾರೆ."

"ಈ ದೇಶದಲ್ಲಿ ಯೋಚಿಸ್ತೀನಿ ಅಂದ್ರೆ ಏನು ಅಂತ ನಂಗೆ ಗೊತ್ತು. ಯಾವಾಗ ಸಿಗ್ತಾರೆ ಕೇಳು."

ಮತ್ತೆ ಮಾತಾಯಿತು. ಕಾಗದ ಮಗುಚುವ ಸದ್ದು ಫೋನಿನಲ್ಲಿ ಕೇಳಿಸಿತು.

"ಬುಧವಾರ ಹತ್ತು ಗಂಟೆಗೆ ಆಫೀಸಿಗೆ ಬನ್ನಿ ಅಂತಿದ್ದಾರೆ. ನಾನು ಹೋಗ್ತೀನಿ ಅಮ್ಮ."

"ನಾನೂ ಬರ್ತೀನಿ. ಮಾತಾಡೋದು ನಾನು. ನಂಗೆ ದುಭಾಷಿ ಬೇಕು ಅಂತ ಈಗಲೇ ಹೇಳು."

"ನಾನಿದ್ದೀನಲ್ಲ."

"ನೀನು ಮಗಳು. ದುಭಾಷಿ ಬೇರೆ ಬೇಕು."

ನಯನಾ ತಾಯಿಯನ್ನು ನೋಡಿದಳು. ಆಮೇಲೆ ಫೋನಿನತ್ತ ಬಗ್ಗಿ, ಒಂದೊಂದೇ ಮಾತಾಗಿ, ಸ್ವೀಡಿಷ್‌ನಲ್ಲಿ ಹೇಳಿದಳು. ಮಾರ್ಗರೇತಾ, ಯಾವ ಭಾಷೆ ಎಂದು ಕೇಳಿದರು. ಅದು ವಿಮಲಾಗೆ ಯಾರೂ ಹೇಳದೆಯೇ ಅರ್ಥವಾಯಿತು. "ಕನ್ನಡ," ಎಂದಳು, ಫೋನಿಗೆ ಕೇಳುವಂತೆ.

ತಮ್ಮ ಕಚೇರಿಗೆ ಇಂಥದ್ದನ್ನು ಗೊತ್ತುಮಾಡಿ ರೂಢಿಯಿಲ್ಲ, ಹೇಗೆ ಮಾಡುವುದು ಎಂದರು ಮಾರ್ಗರೇತಾ. ನಾನು ಮಾಡುತ್ತೇನೆ ಎಂದೆ. ವಾರ್ಡಿನಲ್ಲಿ ಮಾಡಿದವಳು ನಾನು. ಮೂರು ಕಡೆ ಫೋನು ಮಾಡಬೇಕಾಯಿತು. ಎರಡು ಕಡೆ ಆ ಭಾಷೆಯಲ್ಲಿ ಯಾರೂ ಇಲ್ಲ ಎಂದರು. ಮೂರನೆಯ ಕಡೆ ಒಬ್ಬರಿದ್ದಾರೆ, ದೂರದ ಉತ್ತರದ ಊರು ಲುಲೆಯೊದಲ್ಲಿ, ಫೋನಿನ ಮೂಲಕ ಸಿಗುತ್ತಾರೆ, ವಿಚಾರಿಸಿ ತಿಳಿಸುತ್ತೇವೆ ಎಂದರು. ಖಚಿತಪಡಿಸಿದ ಸಂದೇಶ ಐದಕ್ಕೆ ಸ್ವಲ್ಪ ಮುಂಚೆ ಬಂತು. ದಿನ, ಗಂಟೆ, ಭಾಷೆ, ದುಭಾಷಿಯ ಹೆಸರು, ಬರಲಾಗದಿದ್ದರೆ ಯಾವ ಸಂಖ್ಯೆಗೆ ತಿಳಿಸಬೇಕೆಂಬುದು, ಎಲ್ಲವನ್ನೂ ವಿಮಲಾಗೆ ಓದಿ ಹೇಳಿದೆ. ಅವಳು ಇನ್ನೊಮ್ಮೆ ಓದಿ ಎಂದಳು. ಓದಿದೆ. ಆ ದಿನ ಮಾಡುವುದು ಇನ್ನೇನೂ ಉಳಿದಿರಲಿಲ್ಲ.